ಕಲಿಸುವ ಕೈಗಳು ಜಿಲ್ಲೆಯಲ್ಲೇ ಇವೆ

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ನಾದಿ ಜೋಡೆತ್ತು ಮಾಡುವುದು, ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವನನ್ನು ಕೂರಿಸುವುದು ಉತ್ತರ ಕರ್ನಾಟಕದ ಮಕ್ಕಳ ಮೊದಲ ಕಲಾಶಾಲೆ. ಅಲ್ಲಿ ಅಂಕವೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಕೊಂಬು ಮುರಿದರೆ ಮತ್ತಷ್ಟು ಮಣ್ಣು ಹಚ್ಚಿದರಾಯಿತು. ಈಗ ಅದೇ ಎತ್ತುಗಳು ಬಜಾರಿನಲ್ಲಿ ಬಣ್ಣ ಬಳಿದುಕೊಂಡು ಸಿಗುತ್ತವೆ. ಮಾಡುತ್ತಿದ್ದ ಮಗು ಕೊಳ್ಳುವ ಮಗುವಾಗಿದೆ. ಪ್ರಾಥಮಿಕ ಶಾಲೆಗೆ ಕಲಾ ಕಾರ್ಯಾಗಾರ ಬೇಕಾಗುವುದು ಇದೇ ಕಾರಣಕ್ಕೆ. ವೇದಿಕೆಗೆ, ಶಿಕ್ಷಕರಿಗೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಮಕ್ಕಳಿಗೆ ವಂದನೆ ಸಲ್ಲಿಸಿ, ಕಾರ್ಯಾಗಾರದ ಉದ್ಘಾಟನೆಯ ಈ ಹೊತ್ತನ್ನು ಒಂದೇ ಪ್ರಶ್ನೆಗೆ ಮೀಸಲಿಡುವುದು ಉಚಿತ: ಈ ಮಕ್ಕಳಿಗೆ ಕಲೆ ಕಲಿಸುವವರು ಯಾರು?

ಸಂಗೀತ, ನೃತ್ಯ, ದೃಶ್ಯಕಲೆ, ರಂಗಭೂಮಿ ನಾಲ್ಕೂ ಶಾಲೆಯ ಎಲ್ಲ ಹಂತಗಳಲ್ಲಿ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲೆ ಕಲಿಸುವವರಿಗೆ ಜಾಗ ಸಿಕ್ಕಿದ್ದು 6ರಿಂದ 8ನೇ ತರಗತಿಗಳಲ್ಲಿ. ಅದೂ ದಾಖಲಾತಿ 100 ದಾಟಿದರೆ, ಅರೆಕಾಲಿಕವಾಗಿ. 1ರಿಂದ 5ನೇ ತರಗತಿಗಳಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬ ಲೆಕ್ಕವಿದೆ, ಕಲಾ ಶಿಕ್ಷಕರ ಮಾತಿಲ್ಲ. ಕನ್ನಡ, ಗಣಿತ, ಬಿಸಿಯೂಟ, ದಾಖಲೆ ಪುಸ್ತಕ ಎಲ್ಲವೂ ಆ ಇಬ್ಬರ ತಲೆಯ ಮೇಲೆ. ಚಿತ್ರಕಲೆಯ ಅವಧಿ ಕರಿಹಲಗೆಯ ಮಾವಿನಹಣ್ಣನ್ನು ನೋಡಿ ಬರೆಯುವುದಕ್ಕೆ ಇಳಿದರೆ ತಪ್ಪು ಅವರದಲ್ಲ.

ಹುದ್ದೆ ಇಲ್ಲದಿದ್ದರೂ ಕೊಪ್ಪಳ ಜಿಲ್ಲೆಯಲ್ಲಿ ಗುರುಗಳಿಗೆ ಬರವಿಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ಮೈಗೆ ಬಳಿಯಲು ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ‘ಕಿಟ್ಟ’ ಎಂಬ ಲೇಪ ತಯಾರಿಸುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಲೆಯಲ್ಲಿ ಉಳಿಯ ಕೆಲಸ ಎಳೆಯರಿಗೆ ಸಲ್ಲದು. ಆದರೆ ಹುಣಸೆಬೀಜದ ಅಂಟು ಎರಡನೇ ತರಗತಿಯ ಮಗುವಿಗೂ ಒಗ್ಗುತ್ತದೆ. ಅದೇ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಸಂದಿತು. ರಾಷ್ಟ್ರ ಗುರುತಿಸಿದ ಆ ಆಟವನ್ನು ಪಕ್ಕದೂರಿನ ಮಗು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ನೋಡುವಂತಾದರೆ ಕೊರತೆ ಶಾಲೆಯದು. ತೊಗಲಿನ ಬದಲು ರಟ್ಟು, ಪರದೆಗೆ ಹಳೆಯ ಪಂಚೆ, ಹಿಂದೊಂದು ಬಲ್ಬು ಇದ್ದರೆ ತರಗತಿಯಲ್ಲೇ ಆಟ ಕಟ್ಟಬಹುದು. ಕಥೆ, ಮಾತು, ಹಾಡು, ಚಿತ್ರ ನಾಲ್ಕೂ ಅದರಲ್ಲಿ ಒಟ್ಟಿಗೆ ಬರುತ್ತವೆ. ಮಾತಾಡಲು ನಾಚುವ ಮಗು ಪರದೆಯ ಹಿಂದೆ ನಿಂತು ಗಟ್ಟಿಯಾಗಿ ಮಾತಾಡುತ್ತದೆ.

ಗಂಗಾವತಿ ಕಡೆ ಆನೆಗೊಂದಿಯ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಹಿರೇಬೆಣಕಲ್‌ನ ಬೆಟ್ಟದಲ್ಲಿ ಶಿಲಾಸಮಾಧಿಗಳ ಜೊತೆಗೆ ಬಂಡೆಚಿತ್ರಗಳೂ ಇವೆ. ಕೆಮ್ಮಣ್ಣು ಅರೆದು ಬಣ್ಣ ಮಾಡುವ ಪಾಠಕ್ಕೆ ಆ ಚಿತ್ರಗಳಿಗಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಕುಷ್ಟಗಿಗೆ ಇಳಕಲ್‌ನ ಮಗ್ಗ ಹತ್ತಿರ. ರಟ್ಟಿನ ಚೌಕಟ್ಟಿಗೆ ನೂಲು ಸುತ್ತಿದರೆ ಹಾಸು, ಹೊಕ್ಕು ಬೆರಳಿಗೆ ತಿಳಿಯುತ್ತವೆ. ಹಳೆಯ ಯಲಬುರ್ಗಾ ತಾಲ್ಲೂಕಿನ ಇಟಗಿಯ ಮಹಾದೇವ ದೇವಾಲಯ 1112ರದು. ಅದರ ಕಂಬಗಳ ಮುಂದೆ ಕಾಗದ, ಪೆನ್ಸಿಲ್ ಹಿಡಿದು ಕುಳಿತ ಮಗುವಿಗೆ ವೃತ್ತ, ಚೌಕ, ಸಮಮಿತಿ ಬಾಯಿಪಾಠದ ಮಾತುಗಳಾಗಿ ಉಳಿಯುವುದಿಲ್ಲ.

ಕಾರ್ಯಾಗಾರ ನಡೆಸುವಾಗ ಗಮನಿಸಬೇಕಾದ ಸಂಗತಿಗಳು ಕೆಲವೇ. ಕುಶಲಕರ್ಮಿಯನ್ನು ಅತಿಥಿಯಾಗಿ ಕರೆದು ಶಾಲು ಹೊದಿಸಿದರೆ ಸಾಲದು. ಸಂಪನ್ಮೂಲ ವ್ಯಕ್ತಿಯಾಗಿ ಕರೆದು ಸಂಭಾವನೆ ಕೊಡಬೇಕು. ಸಾಮಗ್ರಿ ಆದಷ್ಟು ಊರಿನದೇ ಇರಬೇಕು; ಅಂಗಡಿಯಿಂದ ತಂದ ಬಣ್ಣ ಮುಗಿದ ದಿನ ಕಲೆಯೂ ನಿಲ್ಲಬಾರದು. ಮೊದಲ, ಎರಡನೆಯ ಸ್ಥಾನ ಹಂಚುವ ಬದಲು ಪ್ರತಿ ಮಗುವಿನ ಕೆಲಸವನ್ನೂ ಗೋಡೆಗೆ ಹಚ್ಚಬೇಕು. ತರಗತಿಯ ಶಿಕ್ಷಕರು ಬಾಗಿಲಲ್ಲಿ ನಿಂತು ನೋಡದೆ ಮಕ್ಕಳ ಜೊತೆ ಕುಳಿತು ಕೈ ಕೆಸರು ಮಾಡಿಕೊಳ್ಳಬೇಕು, ಏಕೆಂದರೆ ಕಾರ್ಯಾಗಾರ ಮುಗಿದ ಮೇಲೆ ಶಾಲೆಯಲ್ಲಿ ಉಳಿಯುವವರು ಅವರೇ.

ಇದನ್ನು ಮುಂದುವರಿಸಲು ದಾರಿಗಳಿವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ‘ಕಲಿ-ಕಲಿಸು’ ಯೋಜನೆಯಡಿ ಸ್ಥಳೀಯ ಸಂಸ್ಕೃತಿಯನ್ನು ತರಗತಿಗೆ ತರುವ ಸರ್ಕಾರಿ ಶಾಲಾ ಶಿಕ್ಷಕರಿಗೆ ನೆರವು ನೀಡುತ್ತದೆ. ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಶಾಲೆಗಳಿಗೆ ಈಗಾಗಲೇ ಪರಿಚಿತ. ಅಂಥ ಒಂದೊಂದು ಶನಿವಾರ ಆಯಾ ಊರಿನ ಒಬ್ಬ ಕುಶಲಕರ್ಮಿ ಶಾಲೆಗೆ ಬರುವಂತಾದರೆ, ಕಲಾ ಶಿಕ್ಷಕರ ಹುದ್ದೆ ಮಂಜೂರಾಗುವವರೆಗೂ ಪ್ರಾಥಮಿಕ ಶಾಲೆಯ ಮಗು ಕಾಯಬೇಕಾಗುವುದಿಲ್ಲ.