ಕುಡುಗೋಲಾಗುವ ರಕ್ತಕಣ

ಮಕ್ಕಳೇ, ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿನ, ನಡುವೆ ತುಸು ತಗ್ಗಾದ ಕೆಂಪು ಕಣಗಳು ಕಿಕ್ಕಿರಿದು ಕಾಣುತ್ತವೆ. ಅವು ಎಷ್ಟು ಮೆತ್ತಗೆಂದರೆ, ತಮಗಿಂತ ಕಿರಿದಾದ ರಕ್ತನಾಳದಲ್ಲೂ ಮೈ ಮಡಚಿ ನುಸುಳಿಬಿಡುತ್ತವೆ. 1910ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಜೇಮ್ಸ್ ಹೆರಿಕ್ ಎಂಬ ವೈದ್ಯರು ಬೇರೆಯೇ ಆಕಾರದ ಕಣಗಳ ಬಗ್ಗೆ ಬರೆದರು. ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕಣಗಳು ಕುಡುಗೋಲಿನಂತೆ ಬಾಗಿದ್ದವು. ಅದೇ ಸಿಕಲ್ ಸೆಲ್ ಕಾಯಿಲೆ.

ಕಣದೊಳಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇರುತ್ತದೆ. ಅದರ ಒಂದು ಸರಪಳಿಯಲ್ಲಿ ಅಮೈನೊ ಆಮ್ಲಗಳೆಂಬ 146 ಕೊಂಡಿಗಳು. ಈ ಕಾಯಿಲೆಯಲ್ಲಿ ಆರನೆಯದು ಮಾತ್ರ ಬದಲಾಗಿರುತ್ತದೆ, ಅಷ್ಟೇ! ಆಮ್ಲಜನಕ ಇಳಿಸಿದೊಡನೆ ಇಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತದೆ. ಕಣ ಬಾಗಿ ಬಿರುಸಾಗುತ್ತದೆ, ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು. ಸಾಧಾರಣ ಕಣ ಸುಮಾರು 120 ದಿನ ಬಾಳಿದರೆ ಇದು 10–20 ದಿನಕ್ಕೇ ಒಡೆಯುತ್ತದೆ. ಅದಕ್ಕೇ ರಕ್ತಹೀನತೆ, ಸುಸ್ತು.

ಇದು ಅಂಟುರೋಗವಲ್ಲ. ಜೊತೆಗೆ ಕೂತು ಉಂಡರೆ, ಕೈಹಿಡಿದು ಆಡಿದರೆ ಬರುವುದಿಲ್ಲ. ಹಿಮೋಗ್ಲೋಬಿನ್ ಕಟ್ಟುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಬದಲಾದವೇ ಆದರೆ ಕಾಯಿಲೆ. ಒಂದೇ ಆದರೆ ಆ ಮಗು ವಾಹಕ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಅಪ್ಪ–ಅಮ್ಮ ಇಬ್ಬರೂ ವಾಹಕರಾಗಿದ್ದರೆ? ಎರಡು ನಾಣ್ಯ ಒಟ್ಟಿಗೆ ಚಿಮ್ಮಿ ನೋಡಿ. ಎರಡೂ ಹೂವೇ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಯಿಲೆಯ ಲೆಕ್ಕವೂ ಅದೇ, ಪ್ರತಿ ಮಗುವಿಗೂ ಹೊಸದಾಗಿ ಚಿಮ್ಮಿದಂತೆ. ಅಣ್ಣನಿಗೆ ಬಂತು, ಇನ್ನು ತಂಗಿಗೆ ಬರಲ್ಲ ಅನ್ನುವ ಹಾಗಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

ಇಂಥ ಜೀನ್ ಅಳಿದುಹೋಗದೆ ಉಳಿದದ್ದೇಕೆ? ವಾಹಕರಿಗೆ ಮಲೇರಿಯಾ ಮಾರಣಾಂತಿಕವಾಗುವುದು ಕಡಿಮೆ ಎಂದು 1954ರಲ್ಲಿ ಆಂಟನಿ ಆಲಿಸನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಮಲೇರಿಯಾ ಹೆಚ್ಚಿದ್ದ ಆಫ್ರಿಕದಲ್ಲಿ, ಭಾರತದ ಕಾಡಿನ ಸೀಮೆಗಳಲ್ಲಿ ಅದು ಹೀಗೆ ಉಳಿಯಿತು. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಸೋಲಿಗ, ಜೇನುಕುರುಬ ಬುಡಕಟ್ಟುಗಳಲ್ಲೂ ಈ ಜೀನ್ ಇದೆ.

ಮೊದಲ ಪರೀಕ್ಷೆ ಸುಲಭ. ಬೆರಳಿನ ರಕ್ತವನ್ನು ಒಂದು ದ್ರಾವಣಕ್ಕೆ ಬೆರೆಸಿ, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ಸರಿ. ದ್ರಾವಣ ಕದಡಿ ಗೆರೆ ಮರೆಯಾದರೆ ಮುಂದಿನ ಪರೀಕ್ಷೆ ಬೇಕು. ಕಾಯಿಲೆ ಇದೆಯೆಂದು ಖಚಿತವಾದರೆ, ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ.

ಮೈಯಲ್ಲಿ ನೀರು ಕಡಿಮೆಯಾದರೆ ನೋವು ಕೆರಳುತ್ತದೆ. ಆದ್ದರಿಂದ ಈ ಮಕ್ಕಳು ಪದೇ ಪದೇ ನೀರು ಕುಡಿಯಬೇಕು, ಪದೇ ಪದೇ ಮೂತ್ರಕ್ಕೂ ಹೋಗಬೇಕು. ನಿಮ್ಮ ತರಗತಿಯಲ್ಲಿ ಅಂಥ ಗೆಳೆಯನೋ ಗೆಳತಿಯೋ ಇದ್ದರೆ, ಎದ್ದು ಹೊರಟಾಗ ನಗಬೇಡಿ. ಟೀಚರ್ ತಡೆದರೆ ಕಾರಣವನ್ನು ನೀವೇ ಹೇಳಿ.