ಕಿಟಕಿಯಿಂದ ಒಳಬರುವ ಪರಾಗ
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾವು ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಮೂಲತಃ ಅಮೆರಿಕ ಖಂಡದ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಿದರು. ಆಮದು ಗೋಧಿಯ ಜೊತೆ ಬಂದಿತೆಂಬುದು ಸಾಮಾನ್ಯ ಅಭಿಪ್ರಾಯ. ಇಂದು ಅದಿಲ್ಲದ ರಸ್ತೆಬದಿ ನಮ್ಮಲ್ಲಿ ಅಪರೂಪ. ಮೊಳೆತ ನಾಲ್ಕಾರು ವಾರಗಳಲ್ಲೇ ಹೂ ಬಿಡುತ್ತದೆ. ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಅದರ ಪರಾಗದ ಕಣ ತಲೆಗೂದಲಿನಷ್ಟೂ ದಪ್ಪವಿಲ್ಲ. ಗಾಳಿಯಲ್ಲಿ ತೇಲಿ ಕಿಟಕಿಯಿಂದ ಬರುತ್ತದೆ. ನಮ್ಮ ಬಟ್ಟೆ, ಕೂದಲಿಗೆ ಅಂಟಿಕೊಂಡೂ ಬರುತ್ತದೆ. ನೆಲದ ಮೇಲೆ, ಹಾಸಿಗೆಯ ಮೇಲೆ ಕೂರುತ್ತದೆ. ಒಣಪೊರಕೆ ಆಡಿಸಿದರೆ ಮತ್ತೆ ಮೇಲೇಳುತ್ತದೆ. ಹೀಗಾಗಿ ಹೊರಗಿನ ಗಿಡದ ಕಾಟ ಮನೆಯೊಳಗೂ ತಪ್ಪುವುದಿಲ್ಲ.

ಇದು ಎಲ್ಲರನ್ನೂ ಬಾಧಿಸದು. ಕೆಲವರ ದೇಹ ಮಾತ್ರ ಪರಾಗದ ಪ್ರೋಟೀನನ್ನು ಶತ್ರುವೆಂದು ಬಗೆದು ಹಿಸ್ಟಮಿನ್ ಸುರಿಸುತ್ತದೆ. ಆಗ ಸಾಲು ಸೀನು, ಮೂಗಿನಲ್ಲಿ ನೀರು, ಕಣ್ಣಿನ ತುರಿಕೆ, ಕೆಲವರಿಗೆ ಉಬ್ಬಸ. ಜ್ವರವಿಲ್ಲದೆ ವಾರಗಟ್ಟಲೆ ನೆಗಡಿ ಹಿಡಿದರೆ ಅಲರ್ಜಿಯನ್ನು ನೆನೆಯಬೇಕು. ಸೌದೆ ಒಲೆಯ ಹೊಗೆಯೂ ಸೇರಿದರೆ ಕಷ್ಟ ಹೆಚ್ಚು. ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿದ ಮಗು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತದೆ. ಅದನ್ನು ಸೋಮಾರಿ ಎನ್ನುವ ಮೊದಲು ರಾತ್ರಿ ನಿದ್ದೆ ಬಂತೇ ಎಂದು ಕೇಳೋಣ.

ಇನ್ನೊಂದು ಮಾತು ತಾಯಂದಿರಿಗೆ. ಇನ್ಹೇಲರ್ ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಅತಿ ಕಡಿಮೆ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ಮುಟ್ಟಿಸುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ನೆರೆಹೊರೆಯವರ ಮಾತು ಕೇಳಿ ನಿಲ್ಲಿಸಬೇಡಿ. ಉಬ್ಬಸ ಹೆಚ್ಚಾಗಿ ಮಾತನಾಡಲೂ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹೊಲದಿಂದ ಬಂದೊಡನೆ ಕೈಕಾಲು, ಮುಖ ತೊಳೆದು ಬಟ್ಟೆ ಬದಲಿಸಿ. ಒಣಗಾಳಿ ಬೀಸುವಾಗ ಮಲಗುವ ಕೋಣೆಯ ಕಿಟಕಿ ಮುಚ್ಚಿ. ಒಲೆ ಉರಿಯುವಾಗ ಮಾತ್ರ ಅಡುಗೆಮನೆಯದನ್ನು ತೆರೆದೇ ಇಡಿ.

ಗಿಡದ ವಿಷಯಕ್ಕೆ ಬಂದರೆ, 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ತಿನ್ನುತ್ತದೆ, ಆದರೆ ಅದೊಂದರಿಂದಲೇ ಕಳೆ ಅಳಿಯಲಿಲ್ಲ. ನಮ್ಮ ಕೈಯೇ ಬೇಕು. ಮಳೆ ಬಿದ್ದು ಮಣ್ಣು ಹಸಿಯಾದಾಗ, ಹೂ ಬಿಡುವ ಮುನ್ನ, ಬೇರುಸಹಿತ ಕೀಳಬೇಕು. ಕೈಗವಸು, ತುಂಬುತೋಳಿನ ಅಂಗಿ ಇರಲಿ. ಬರಿಗೈಯಲ್ಲಿ ಕಿತ್ತರೆ ಚರ್ಮ ತುರಿಸಿ ಹುಣ್ಣಾಗಬಹುದು. ಉಬ್ಬಸವಿರುವ ಮಕ್ಕಳನ್ನು ಈ ಶ್ರಮದಾನಕ್ಕೆ ಕರೆಯಬೇಡಿ. ಹೂ ಬಿಡದ ಗಿಡ ಒಳ್ಳೆಯ ಗೊಬ್ಬರವೂ ಆಗುತ್ತದೆ.

ಐವತ್ತು ತುಂಬಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಗಡಿಯಾರ, ಬೀರು, ಕುರ್ಚಿ ಕೊಟ್ಟಿದ್ದೇವೆ. ಪ್ರತಿ ಮುಂಗಾರಿನಲ್ಲಿ ಒಂದು ಭಾನುವಾರವನ್ನೂ ಕೊಡೋಣ. ಈ ಕಾಂಪೌಂಡಿನೊಳಗೆ ಮಕ್ಕಳು ನಿರಾಳವಾಗಿ ಉಸಿರಾಡಲಿ.