ಜೋಶ್ ಇದ್ದರೆ ಸಾಲದು, ಹೋಶ್ ಬೇಕು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದಿರುವ ನಿಮಗೆ ಗುಡ್ಡ, ಬಂಡೆ, ಕುರುಚಲು ಕಾಡು ಹೊಸದಲ್ಲ. ನಮ್ಮ ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ. ಇಂಥ ಕಡೆ ಹುಡುಗನೋ ಹುಡುಗಿಯೋ ಒಂಟಿಯಾಗಿ ಸಿಕ್ಕಿಕೊಂಡರೆ ಕಾಪಾಡುವ ಗುಣ ಯಾವುದು? ತೋಳ್ಬಲವೇ? ನಿಜವಾಗಿ ನಡೆದ ಎರಡು ಘಟನೆಗಳನ್ನು ಕೇಳಿ.

2022ರ ಫೆಬ್ರವರಿ 20ರಂದು ನಂದಿಬೆಟ್ಟದ ಬಳಿ 19 ವರ್ಷದ ವಿದ್ಯಾರ್ಥಿಯೊಬ್ಬ ಬಂಡೆಯಿಂದ ಜಾರಿ ಸುಮಾರು 300 ಅಡಿ ಕೆಳಗೆ ಸಿಕ್ಕಿಕೊಂಡ. ಹೇಗೋ ಹತ್ತಿಬಿಡುತ್ತೇನೆಂದು ಹೊರಟಿದ್ದರೆ ಏನಾಗುತ್ತಿತ್ತೋ! ಅವನು ಮೊಬೈಲಿನಿಂದ ತಾನಿರುವ ಜಾಗವನ್ನು ಪೊಲೀಸರಿಗೆ ತಿಳಿಸಿದ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಅವನನ್ನು ಮೇಲೆತ್ತಿತು.

ಎರಡನೆಯದು ದೂರದ ಪೆರು ದೇಶದ್ದು. 1971ರ ಡಿಸೆಂಬರ್ 24ರಂದು ಸಿಡಿಲು ಬಡಿದು ವಿಮಾನವೊಂದು ಅಮೆಜಾನ್ ಕಾಡಿನ ಮೇಲೆ ಒಡೆದುಹೋಯಿತು. ಅದರಲ್ಲಿದ್ದ 92 ಜನರಲ್ಲಿ ಬದುಕಿದವಳು ಒಬ್ಬಳೇ, 17 ವರ್ಷದ ಜೂಲಿಯಾನ್ ಕೋಪ್ಕೆ. ಜೊತೆಗಿದ್ದ ತಾಯಿ ತೀರಿಕೊಂಡಿದ್ದರು. ಕತ್ತಿನ ಬಳಿಯ ಎಲುಬು ಮುರಿದಿತ್ತು, ಕನ್ನಡಕ ಕಳೆದಿತ್ತು, ಕಾಲಲ್ಲಿ ಒಂದೇ ಚಪ್ಪಲಿ, ತಿನ್ನಲು ಒಂದಿಷ್ಟು ಮಿಠಾಯಿ. ಆದರೆ ಅವಳ ತಂದೆತಾಯಿ ಪ್ರಾಣಿಶಾಸ್ತ್ರಜ್ಞರು. ಮಗಳನ್ನು ಕಾಡಿನಲ್ಲೇ ಇಟ್ಟುಕೊಂಡು ಕಲಿಸಿದ್ದರು. ದಾರಿ ತಪ್ಪಿದರೆ ನೀರಿನ ಜಾಡು ಹಿಡಿ, ಹಳ್ಳ ಹೊಳೆ ಸೇರುತ್ತದೆ, ಹೊಳೆಯ ದಡದಲ್ಲಿ ಜನ ಇರುತ್ತಾರೆ ಎಂಬ ತಂದೆಯ ಮಾತು ಅವಳಿಗೆ ನೆನಪಿತ್ತು. ಹಾವಿದ್ದೀತೆಂದು ಚಪ್ಪಲಿ ಹಾಕಿದ ಕಾಲನ್ನೇ ಮುಂದಿಡುತ್ತಾ, ಹಳ್ಳದ ಗುಂಟ ನಡೆದಳು. ತೋಳಿನ ಗಾಯದಲ್ಲಿ ಹುಳು ಬಿದ್ದಾಗ, ದಡದಲ್ಲಿದ್ದ ದೋಣಿಯ ಪೆಟ್ರೋಲು ಸುರಿದು ಹುಳು ತೆಗೆದಳು. 11 ದಿನ ಒಬ್ಬಳೇ ಕಳೆದ ಮೇಲೆ ಕಾಡಿನ ಕೆಲಸಗಾರರು ಅವಳನ್ನು ಕಂಡರು. ಮುಂದೆ ಅವಳೂ ಪ್ರಾಣಿಶಾಸ್ತ್ರಜ್ಞೆಯಾದಳು.

ಉರ್ದುವಿನಲ್ಲಿ ಜೋಶ್ ಮತ್ತು ಹೋಶ್ ಎಂಬ ಜೋಡಿ ಮಾತಿದೆ. ಜೋಶ್ ಎಂದರೆ ಹುರುಪು, ಹೋಶ್ ಎಂದರೆ ಎಚ್ಚರ. ಆ ಹುಡುಗನನ್ನೂ ಆ ಹುಡುಗಿಯನ್ನೂ ಉಳಿಸಿದ್ದು ಹೋಶ್. ಅದು ಆಪತ್ತಿನ ದಿನ ಹುಟ್ಟುವುದಿಲ್ಲ; ಮೊದಲೇ ಕಲಿತಿರಬೇಕು.

ಪೋಷಕರೇ, ಒಂದು ಮಾತು ನಿಮಗೆ. ಎಷ್ಟೋ ಮನೆಗಳಲ್ಲಿ ಹತ್ತನೇ ತರಗತಿ ಮುಗಿಯುತ್ತಲೇ ಹೆಣ್ಣುಮಗಳ ಪುಸ್ತಕಗಳು ಅಟ್ಟ ಸೇರುತ್ತವೆ. ಹೊರಗೆ ಅಪಾಯ ಎಂದು ಅವಳ ಓದು ನಿಲ್ಲಿಸುತ್ತೇವೆ. ಆದರೆ ಜೂಲಿಯಾನಳನ್ನು ಅಪಾಯದಿಂದ ದಾಟಿಸಿದ್ದೇ ಅವಳ ಕಲಿಕೆ. ಅಪ್ಪ ಮಗಳಿಗೆ ಹೇಳಿಕೊಟ್ಟ ಒಂದು ಪಾಠ 11 ದಿನ ಅವಳ ಕೈ ಹಿಡಿದು ನಡೆಸಿತು. ನಿಮ್ಮ ಮಗಳಿಗೂ ಆ ಪಾಠ ಸಿಗಲಿ.

ಮಕ್ಕಳೇ, ಗುಡ್ಡಕ್ಕೆ ಹೋಗುವಾಗ ಮನೆಯಲ್ಲಿ ಹೇಳಿ ಹೋಗಿ. ಫೋಟೋಗಾಗಿ ಬಂಡೆಯ ತುದಿಗೆ ಹೋಗಬೇಡಿ. ಕುರಿ ಕಾಯುವ ಅಜ್ಜನನ್ನು ಕೇಳಿ ಹಳ್ಳದ ದಾರಿ, ಕರಡಿ ಓಡಾಡುವ ಹೊತ್ತು ತಿಳಿದುಕೊಳ್ಳಿ. ಅದೂ ವಿದ್ಯೆಯೇ. ನಿಮಗೆಲ್ಲ ಒಳ್ಳೆಯದಾಗಲಿ.